ನಿಟ್ಟುಸಿರಿಗೆ ಸಿಕ್ಕ ಬಾಡಿಗೆ ಮನೆ

"ಮನೆ ತಾನೇ? ಈ ಭಾನುವಾರ ಹೊರಟೆ ಅಂದ್ರೆ ಮುಂದಿನ ಭಾನುವಾರದೊಳಗೆ ಒಂದು ಒಳ್ಳೇ ಮನೆ ಹೊಡ್ಕೊಂಡು ಬಂದು ನಿನ್ನ ಕಾಲ ಹತ್ರ ಕೆಡವ್ತೀನಿ!" ಎಂದು ನಾನು ಘೋಷಿಸಿದೆ. ಹುಲಿ ಬೇಟೆಗೆ ಹೊರಟ ಮಹಾರಾಜನ ಗತ್ತು ನನ್ನ ದನಿಯಲ್ಲಿತ್ತು. ಮಹಾರಾಜ ಆಗ ತೊಟ್ಟಿದ್ದದ್ದು ಮೊಣಕಾಲ ಬಳಿ ತೇಪೆ ಹಾಕಿದ ಪೈಜಾಮ ಎಂಬುದು ಬೇರೆ ಮಾತು.

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ನನ್ನ ಹೆಂಡತಿ ಹಲ್ಲಿನಿಂದ ದಾರ ಕಡಿದು, "ಕೆಡವೋದೆಲ್ಲ ಬೇಡ ರೀ. ನಿಂತಿರೋ ಮನೆ ಆದ್ರೆ ಸಾಕು" ಎಂದಳು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ಬಾಡಿಗೆ ಮನೆ ಹುಡುಕಿ ನೋಡು ಎಂದು ಹೇಳಲಿಲ್ಲ. ಹಿರಿಯರು ಎಷ್ಟೇ ಆದರೂ ಕರುಣಾಳುಗಳು!

ಆದರೆ ನನಗೆ ಹೆದರಿಕೆ ಇರಲಿಲ್ಲ. ಯಾಕೆಂದರೆ ನನ್ನ ಬಳಿ ಒಂದು ಬ್ರಹ್ಮಾಸ್ತ್ರವಿತ್ತು. ನಾನು ಹಳೆಯ ಮರದ ಸಾಮಾನಿನ ಅಂಗಡಿಯಲ್ಲಿ ಬೆಲೆ ಕಟ್ಟುವವನು. ಜನ ತಮ್ಮ ಮನೆಯ ಮಂಚ, ಮೇಜು, ಬೀರುಗಳನ್ನು ಮಾರಲು ತರುತ್ತಾರೆ. ನಾನು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು, ಕಿವಿಗೊಟ್ಟು ಆಲಿಸಿ, ಆಮೇಲೆ ಒಂದು ನಿಟ್ಟುಸಿರು ಬಿಡುತ್ತೇನೆ. ಅಷ್ಟೇ! ಬಾಯಿಬಿಟ್ಟು ಒಂದು ಮಾತು ಆಡುವುದಿಲ್ಲ. ಆ ನಿಟ್ಟುಸಿರು ಕೇಳಿದವರಿಗೆ ತಮ್ಮ ಬೀರು ಇನ್ನು ನಾಳೆಯೋ ನಾಡಿದ್ದೋ ಎನ್ನಿಸಿಬಿಡಬೇಕು. ಬೆಲೆ ತಾನಾಗಿ ಇಳಿಯುತ್ತದೆ. ಅದೇ ಬೀರುವನ್ನು ಮಾರನೆಯ ದಿನ ಯಾರಾದರೂ ಕೊಳ್ಳಲು ಬಂದರೆ ನನ್ನ ನಾಲಿಗೆಗೆ ರೆಕ್ಕೆ ಬರುತ್ತದೆ. "ಇದು ಬೀರು ಅಲ್ಲ ಸ್ವಾಮಿ, ವಂಶದ ಹಿರಿಯ!" ಎನ್ನುತ್ತೇನೆ. ಕೊಂಡವರು ಮನೆಗೆ ಹೋಗಿ ನೋಡಿ, ಹಿರಿಯನಿಗೆ ಒಂದು ಕಾಲು ಗಿಡ್ಡ ಎಂದು ತಿಳಿದು ಓಡಿ ಬಂದರೆ ನಮ್ಮ ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿದ ಬೋರ್ಡು ಅವರಿಗೆ ಉತ್ತರ ಕೊಡುತ್ತದೆ: "ಮಾರಿದ ಸರಕನ್ನು ವಾಪಸು ತೆಗೆದುಕೊಳ್ಳುವುದಿಲ್ಲ."

ಹೀಗೆ ಕೊಳ್ಳುವಾಗ ನಿಟ್ಟುಸಿರು, ಮಾರುವಾಗ ಹೊಗಳಿಕೆ. ಈ ಎರಡೇ ಶಾಸ್ತ್ರಗಳಲ್ಲಿ ನಾನು ಪಂಡಿತ.

ಈಗಿನ ಮನೆಯಲ್ಲಿ ನಾವು ಹದಿನಾಲ್ಕು ವರ್ಷ ನೆಮ್ಮದಿಯಾಗಿ ಉಳಿದದ್ದೂ ಆ ಮೊದಲನೆಯ ಶಾಸ್ತ್ರದ ಬಲದಿಂದಲೇ. ನಾವು ಕೆಳಗೆ, ಮನೆಯ ಒಡತಿ ಮಹಡಿಯ ಮೇಲೆ. ನಾವು ಅವರನ್ನು ಕರೆಯುವುದೇ ಮಹಡಿ ಅಮ್ಮ ಎಂದು. ಮಂಡಿನೋವಿನ ಮುದುಕಿ, ಒಂಟಿ ಜೀವ. ಕೆಳಗಿಳಿಯುವುದು ಅಪರೂಪ. ಏನಾದರೂ ಬೇಕಾದರೆ ಮೇಲಿನ ಕಿಟಕಿಯಿಂದ ಹಗ್ಗ ಕಟ್ಟಿದ ಒಂದು ಬುಟ್ಟಿ ಇಳಿಬಿಡುತ್ತಾರೆ. "ಒಂದು ಸೋಪು ಹಾಕಮ್ಮ!" ಎಂಬ ಕೂಗಿನ ಜೊತೆಗೆ ಬುಟ್ಟಿ ನಮ್ಮ ಕಿಟಕಿಯ ಮುಂದೆ ಬಂದು ತೂಗಾಡುತ್ತದೆ. ನನ್ನ ಹೆಂಡತಿ ಯಂತ್ರ ನಿಲ್ಲಿಸಿ, ಎದುರಂಗಡಿಗೆ ಹೋಗಿ, ತಂದು ಹಾಕುತ್ತಾಳೆ.

ವರ್ಷಕ್ಕೊಮ್ಮೆ ಮಹಡಿ ಅಮ್ಮ ಬಾಡಿಗೆ ಹೆಚ್ಚಿಸುವ ಮಾತು ತೆಗೆಯುತ್ತಿದ್ದರು. ತಕ್ಷಣ ನಾನು ಮೇಲೆ ಹೋಗಿ, ಅವರ ಎದುರು ಕುಕ್ಕರಿಸಿ ಕೂತು, ನಮ್ಮ ಮನೆಯ ನಾಲ್ಕು ದುಃಖಗಳನ್ನು ಹಾಡುತ್ತಿದ್ದೆ. ಒಂದು, ಒಳಗೆ ಕತ್ತಲೆ. ಎರಡು, ಗೋಡೆಯಲ್ಲಿ ತೇವ. ಮೂರು, ನಲ್ಲಿ ಗೊರಗೊರ ಎನ್ನುತ್ತದೆ. ನಾಲ್ಕು, ಅಡುಗೆಮನೆಯ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಕೊನೆಯಲ್ಲಿ ಒಂದು ನಿಟ್ಟುಸಿರು. ಮಹಡಿ ಅಮ್ಮನ ಕಣ್ಣು ತೇವವಾಗುತ್ತಿತ್ತು. "ಪಾಪ, ಆ ಕತ್ತಲೇಲಿ ಹೇಗೆ ಇರ್ತೀರೋ ಏನೋ! ಹಳೇ ಬಾಡಿಗೆನೇ ಕೊಡಪ್ಪ" ಎನ್ನುತ್ತಿದ್ದರು.

ಈ ವರ್ಷ ಮಾತ್ರ ಅಸ್ತ್ರ ಗುರಿ ತಪ್ಪಿತು.

"ನಿನ್ನ ನಿಟ್ಟುಸಿರು ನನ್ನ ಮಂಡಿಗೆ ತಾಗಲ್ಲಪ್ಪ ಈ ಸಲ" ಎಂದರು ಮಹಡಿ ಅಮ್ಮ. "ಮೆಟ್ಟಿಲು ಹತ್ತಿ ಇಳಿಯೋಕೆ, ಡಾಕ್ಟರ ಹತ್ರ ಕರ್ಕೊಂಡು ಹೋಗೋಕೆ ಒಬ್ಬಳನ್ನ ಇಟ್ಕೋಬೇಕು. ಅವಳಿಗೆ ಸಂಬಳ ಎಲ್ಲಿಂದ ತರ್ಲಿ? ಹೊಸ ಬಾಡಿಗೆ ಇಷ್ಟು. ಆದ್ರೆ ಇರು, ಆಗದಿದ್ರೆ ಈ ತಿಂಗಳ ಕೊನೇಗೆ ಬಿಡು. ಬೇಜಾರು ಮಾಡ್ಕೋಬೇಡ."

ಅವರು ಹೇಳಿದ 'ಇಷ್ಟು' ಕೇಳಿ ನಿಜವಾದ ನಿಟ್ಟುಸಿರು ಬಂತು. ಅದಕ್ಕೆ ಬೆಲೆಯೇ ಇರಲಿಲ್ಲ! ಆದರೂ ಗಂಡಸಿನ ಮರ್ಯಾದೆ ನೋಡಿ! "ಬಿಡ್ತೀವಿ ಬಿಡಿ. ಊರಲ್ಲಿ ಇದೊಂದೇನಾ ಮನೆ?" ಎಂದು ಹೇಳಿ ಇಳಿದು ಬಂದೆ. ಇಳಿದವನೇ ಆ ಮಹಾರಾಜನ ಘೋಷಣೆ ಮಾಡಿದ್ದು.

ಹೆಂಡತಿ ಜಗಳವಾಡಲಿಲ್ಲ. ಅದೇ ಭಯ. ಮೆಲ್ಲಗೆ, "ನನಗೆ ಒಂದೇ ಒಂದು ಬೇಕು ರೀ. ಬೆಳಕಿರೋ ಒಂದು ಕಿಟಕಿ. ಮಿಕ್ಕಿದ್ದು ನಿಮ್ಮಿಷ್ಟ" ಎಂದಳು.

ಅದರ ಅರ್ಥ ನನಗೆ ಗೊತ್ತಿತ್ತು. ಅವಳು ಪ್ಯಾಂಟಿನ ಉದ್ದ ಕಡಿಮೆ ಮಾಡುತ್ತಾಳೆ, ಪರದೆ ಹೊಲಿಯುತ್ತಾಳೆ, ಹರಿದ ಕೋಟಿಗೆ ಮರುಜನ್ಮ ಕೊಡುತ್ತಾಳೆ. ಈಚೆಗೆ ಅವಳ ಕಣ್ಣು ಸ್ವಲ್ಪ ಮಂಜು. ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಬೇಕೆಂದರೆ ದೀಪದಲ್ಲಿ ಆಗುವುದಿಲ್ಲ, ಹಗಲ ಬೆಳಕೇ ಬೇಕು. ಕಿಟಕಿ ಇಲ್ಲದ ಮನೆಗೆ ಹೋದರೆ ಅವಳ ಕೆಲಸ ನಿಂತಂತೆಯೇ. ಕೆಲಸ ನಿಂತರೆ ಅವಳು ಹೇಗಿರುತ್ತಾಳೆ ಎಂದು ನಾನು ಯೋಚಿಸಿ ನೋಡಿದೆ. ಯೋಚಿಸಲು ಇಷ್ಟವಾಗಲಿಲ್ಲ. ಜೊತೆಗೆ ಅವಳ ಗಿರಾಕಿಗಳೆಲ್ಲ ಈ ಬೀದಿಯವರೇ. ಪ್ಯಾಂಟು ಕೈಯಲ್ಲಿ ಹಿಡಿದು ಬಸ್ಸು ಹತ್ತಿ ಬರುವವರು ಯಾರು?

"ಕಿಟಕಿ ತಾನೇ? ಗೋಡೆಯೆಲ್ಲ ಕಿಟಕಿ ಇರೋ ಮನೆ ತರ್ತೀನಿ!" ಎಂದೆ.

"ಗೋಡೇನೂ ಇರ್ಲಿ. ನಿಮ್ಮ ಆನೇನ ಎಲ್ಲಿ ನಿಲ್ಲಿಸ್ತೀರಿ?"

ಆನೆ ಎಂದರೆ ನಮ್ಮ ಬೀರು. ಅಂಗಡಿಗೆ ಬಂದ ಸಾಮಾನುಗಳಲ್ಲಿ ನಾನೇ ಮೋಹಿಸಿ, ನನಗೆ ನಾನೇ ಹೊಗಳಿ, ನನಗೇ ಮಾರಿಕೊಂಡದ್ದು. ಮೂರು ಬಾಗಿಲು, ನೆತ್ತಿಯ ಮೇಲೆ ಕೆತ್ತನೆಯ ಕಿರೀಟ. ನಮ್ಮಿಬ್ಬರ ಬಟ್ಟೆಯೆಲ್ಲ ಅದರ ಒಂದು ಮೂಲೆಯಲ್ಲಿ ಮುಗಿದುಹೋಗುತ್ತದೆ. ಮಿಕ್ಕ ಜಾಗದಲ್ಲಿ ಅದು ತನ್ನ ಗಾಂಭೀರ್ಯವನ್ನು ಇಟ್ಟುಕೊಂಡಿದೆ.

ಭಾನುವಾರ ಮನೆಬೇಟೆ ಶುರುವಾಯಿತು. ನಮ್ಮ ಬ್ರೋಕರಿಗೆ ನನ್ನ ಹೆಂಡತಿ ಅರ್ಧ ದಿನದಲ್ಲೇ 'ಐದ್ನಿಮಿಷ' ಎಂದು ಹೆಸರಿಟ್ಟಳು. ಅವನ ಲೆಕ್ಕದಲ್ಲಿ ಊರಿನ ಎಲ್ಲ ಮನೆಗಳೂ ಬಸ್‌ಸ್ಟಾಪಿನಿಂದ ಐದೇ ನಿಮಿಷ. ಯಾವ ಊರಿನ ಬಸ್‌ಸ್ಟಾಪು ಎಂದು ಮಾತ್ರ ಅವನು ಹೇಳುತ್ತಿರಲಿಲ್ಲ.

"ಬಜೆಟ್ ಎಷ್ಟು ಸಾರ್?" ಎಂದ ಐದ್ನಿಮಿಷ.

ಹೇಳಿದೆ. ಡಾಕ್ಟರು ಎಕ್ಸರೇ ನೋಡುವ ಹಾಗೆ ನನ್ನ ಮುಖ ನೋಡಿದ.

"ತಿಂಗಳಿಗಾ ಸಾರ್, ವಾರಕ್ಕಾ?"

"ತಿಂಗಳಿಗೆ!"

"ಪರವಾಗಿಲ್ಲ ಸಾರ್. ಧೈರ್ಯ ಇದೆ ನಿಮಗೆ" ಎಂದು ಹೇಳಿ ಮುಂದೆ ನಡೆದ.

ಮೊದಲನೆಯ ಮನೆಯ ಬಾಗಿಲು ಅರ್ಧ ಮಾತ್ರ ತೆರೆಯಿತು. ಇನ್ನರ್ಧ ತೆರೆದರೆ ಎದುರು ಗೋಡೆಗೆ ತಾಗುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಇಲ್ಲಿ ಹಾಸಿಗೆಯನ್ನೇ ಮಡಿಸಿ ಮಲಗಬೇಕು! ನಾನು ಶಾಸ್ತ್ರೋಕ್ತವಾಗಿ ಗೋಡೆಯ ಮೇಲೆ ಟಕ್ ಟಕ್ ಎಂದು ಬಡಿದೆ. ನಿಟ್ಟುಸಿರಿಗೆ ಎದೆ ತುಂಬ ಗಾಳಿ ಎಳೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಗೋಡೆಯ ಆಚೆಯಿಂದ, "ಯಾರದು? ಬಾಗಿಲು ತೆಗೆದೇ ಇದೆ, ಒಳಗೆ ಬನ್ನಿ!" ಎಂಬ ದನಿ ಬಂತು. ಪಕ್ಕದ ಮನೆಯವರು! ಎಳೆದುಕೊಂಡ ಗಾಳಿಯನ್ನು ಏನು ಮಾಡುವುದೆಂದು ತಿಳಿಯದೆ ಕೆಮ್ಮಿಬಿಟ್ಟೆ. "ಹುಷಾರು, ಬಿಸಿನೀರು ಕುಡೀರಿ" ಎಂದಿತು ಗೋಡೆ.

ನಾನು ಗೋಡೆಯ ಜೊತೆ ಮಾತಾಡುತ್ತಿದ್ದಾಗ ಹೆಂಡತಿ ಕಿಟಕಿಯ ಬಳಿ ಹೋದಳು. ಸೆರಗಿನ ಪಿನ್ನಿನ ಪಕ್ಕ ಸಿಕ್ಕಿಸಿಕೊಂಡಿದ್ದ ಸೂಜಿ ತೆಗೆದು, ಬ್ಯಾಗಿನಿಂದ ಕಪ್ಪು ದಾರದ ಒಂದು ತುಂಡು ತೆಗೆದು, ಬೆಳಕಿಗೆ ಹಿಡಿದು ಪೋಣಿಸಲು ನೋಡಿದಳು. ದಾರದ ತುದಿಯನ್ನು ತುಟಿಗೆ ಒತ್ತಿ ಮತ್ತೆ ನೋಡಿದಳು. ಆಗಲಿಲ್ಲ. ಸೂಜಿಯನ್ನು ಮತ್ತೆ ಸಿಕ್ಕಿಸಿಕೊಂಡು ಹೊರಗೆ ಬಂದಳು.

ಇದು ಅವಳ ಪರೀಕ್ಷೆ ಎಂದು ನನಗೆ ಆಮೇಲೆ ತಿಳಿಯಿತು. ನಾನು ಗೋಡೆ ಬಡಿಯುತ್ತಿದ್ದೆ, ಅವಳು ಸೂಜಿ ಪೋಣಿಸುತ್ತಿದ್ದಳು.

ಎರಡನೆಯ ಮನೆಯಲ್ಲಿ ಕಿಟಕಿ ದೊಡ್ಡದಿತ್ತು. ಆದರೆ ಅದನ್ನು ತೆರೆದರೆ ಪಕ್ಕದ ಕಟ್ಟಡದ ಗೋಡೆ. ಕೈ ಚಾಚಿ ಅಲ್ಲಿನವರ ಬೆನ್ನು ತುರಿಸಿಕೊಡಬಹುದು. ಮೂರನೆಯದು ನಿಜಕ್ಕೂ ಚೆನ್ನಾಗಿತ್ತು. ಬೆಳಕೂ ಇತ್ತು, ಬಾಡಿಗೆಯೂ ಕೈಗೆಟುಕುವಂತಿತ್ತು. ಹೆಂಡತಿಯ ಮುಖ ಅರಳಿದ್ದನ್ನು ನೋಡಿದೆ. "ಸುಮ್ನಿರು, ಮುಖ ಗಂಟು ಹಾಕ್ಕೋ, ಇನ್ನೂ ಇಳಿಸ್ತೀನಿ" ಎಂದು ಅವಳ ಕಿವಿಯಲ್ಲಿ ಹೇಳಿ, ಚೌಕಟ್ಟು ಬಡಿದು, ಜೀವಮಾನದ ಅತಿ ದೀರ್ಘವಾದ ನಿಟ್ಟುಸಿರನ್ನು ಬಿಡತೊಡಗಿದೆ. ನನ್ನ ನಿಟ್ಟುಸಿರು ಅರ್ಧ ದಾರಿಗೆ ಬರುವಷ್ಟರಲ್ಲಿ ಹಿಂದಿನಿಂದ ಬಂದ ಯಾವನೋ ಮೆಟ್ಟಿಲ ಮೇಲೆಯೇ ಮುಂಗಡ ಕೊಟ್ಟು ಬೀಗದ ಕೈ ಈಸಿಕೊಂಡಿದ್ದ!

"ಉಸಿರು ಪೂರ್ತಿ ಬಿಟ್ಬಿಡಿ ರೀ, ಅರ್ಧಕ್ಕೆ ನಿಲ್ಲಿಸಬಾರದು. ಎದೆಗೆ ಒಳ್ಳೇದಲ್ಲ" ಎಂದಳು ಹೆಂಡತಿ. ಅವಳು ನಗುತ್ತಲೇ ಹೇಳಿದಳು. ಆದರೆ ಮನೆಗೆ ಬರುವವರೆಗೂ ಬಸ್ಸಿನ ಕಿಟಕಿಯಿಂದ ಹೊರಗೇ ನೋಡುತ್ತಿದ್ದಳು.

ಮುಂದಿನ ಭಾನುವಾರ ಬಂತು. ಅದರ ಮುಂದಿನದೂ ಬಂತು. ಐದ್ನಿಮಿಷ ನಮ್ಮನ್ನು ಊರು ಮುಗಿದು ಹೊಲ ಶುರುವಾಗುವ ಕಡೆಗೆಲ್ಲ ಕರೆದೊಯ್ದ. "ರೈಲು ಸ್ಟೇಷನ್ನಿಂದ ಐದೇ ನಿಮಿಷ ಸಾರ್" ಎಂದ. ಸ್ಟೇಷನ್ ಎಲ್ಲಪ್ಪಾ ಎಂದರೆ, "ಬರುತ್ತೆ ಸಾರ್" ಎಂದ. ಎಲ್ಲ ಕಡೆಯೂ ನಾನು ಬಡಿದೆ, ಉಸಿರು ಬಿಟ್ಟೆ. ಎಲ್ಲ ಕಡೆಯೂ ಸೂಜಿ ದಾರವಿಲ್ಲದೆ ವಾಪಸು ಬಂತು. ತಿಂಗಳು ಮುಗಿಯುತ್ತಾ ಬಂದಿತ್ತು. ಮಹಾರಾಜ ಈಗ ಹುಲಿ ಬೇಡ, ಒಂದು ಮೊಲ ಸಿಕ್ಕರೂ ಸಾಕು ಎನ್ನುವ ಸ್ಥಿತಿಗೆ ಬಂದಿದ್ದ.

ಆಗ ಮೇಲಿನಿಂದ ಬುಟ್ಟಿ ಇಳಿಯಿತು. ಹಿಂದೆಯೇ ಕೂಗು: "ನೋಡಪ್ಪ, ನಾಳೆ ಬೆಳಿಗ್ಗೆ ಮನೆ ನೋಡೋಕೆ ಗಂಡ ಹೆಂಡತಿ ಬರ್ತಾರೆ. ನನಗೆ ಇಳಿಯೋಕೆ ಆಗಲ್ಲ. ನೀನೇ ಒಂಚೂರು ತೋರಿಸಿಬಿಡು!"

ನಾನು ಕುಣಿದಾಡಿದೆ. ಕುರಿ ಕಾಯೋಕೆ ತೋಳಕ್ಕೇ ಹೇಳಿದ ಹಾಗಾಯಿತಲ್ಲ!

"ನೋಡ್ತಾ ಇರು" ಎಂದೆ ಹೆಂಡತಿಗೆ. "ಬಂದವರ ಎದುರು ಆ ನಾಲ್ಕು ದುಃಖ ಹಾಡಿಬಿಡ್ತೀನಿ. ಕತ್ತಲೆ, ತೇವ, ನಲ್ಲಿ, ಬಾಗಿಲು. ಮೇಲೊಂದು ನಿಟ್ಟುಸಿರು. ಎದ್ದು ಬಿದ್ದು ಓಡ್ತಾರೆ. ಮನೆಗೆ ಯಾರೂ ಸಿಗದೆ ಮಹಡಿ ಅಮ್ಮ ತಾನೇ ಹಳೇ ಬಾಡಿಗೆಗೆ ಇಳೀತಾರೆ!"

"ಪಾಪ ರೀ, ಅವರ ಮಂಡಿ? ಇದು ಮೋಸ ಅಲ್ವಾ?"

"ಮೋಸ ಅಲ್ಲ ಕಣೇ, ವ್ಯಾಪಾರ!"

ಬೆಳಿಗ್ಗೆ ದಂಪತಿ ಬಂದರು. ಗಂಡ ದಪ್ಪ ಕನ್ನಡಕದವನು. ಹೆಂಡತಿ ಮಾತು ಕಡಿಮೆ, ಕಣ್ಣು ಜಾಸ್ತಿ. ನಾನು ಸಾವಿನ ಮನೆಯ ಮುಖ ಮಾಡಿಕೊಂಡು ಬಾಗಿಲು ತೆರೆದೆ. ನನ್ನ ಹೆಂಡತಿ ಕಿಟಕಿಯ ಬಳಿ ಯಂತ್ರ ತುಳಿಯುತ್ತಾ ತಲೆ ಬಗ್ಗಿಸಿ ಕೂತಿದ್ದಳು. ಎಲ್ಲವೂ ಯೋಜನೆಯಂತೆಯೇ ಇತ್ತು. ನಾನು ಮೊದಲನೆಯ ದುಃಖಕ್ಕೆ ಬಾಯಿ ತೆರೆಯಬೇಕು, ಅಷ್ಟರಲ್ಲಿ ಆ ಕನ್ನಡಕದವನು ಒಂದು ಕೆಲಸ ಮಾಡಿದ.

ನಮ್ಮ ಬಾಗಿಲ ಚೌಕಟ್ಟನ್ನು ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು, ನಿಟ್ಟುಸಿರು ಬಿಟ್ಟ!

"ಸ್ವಲ್ಪ ಕತ್ತಲೆ ಅಲ್ವಾ ಸಾರ್?" ಎಂದ.

ನೋಡಿ, ನಾನು "ಹೌದು" ಎಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ನನ್ನ ಕೆಲಸವನ್ನು ಅವನೇ ಮಾಡಿಕೊಡುತ್ತಿದ್ದ. ಆದರೆ ಜೀವಮಾನವಿಡೀ ಅಂಗಡಿಯಲ್ಲಿ ನಿಂತ ದೇಹ ಇದು. ಎದುರಿಗಿದ್ದವನು ಬಡಿದು ನಿಟ್ಟುಸಿರು ಬಿಟ್ಟರೆ ಅವನು ಕೊಳ್ಳುವವನು, ನಾನು ಮಾರುವವನು. ಒಳಗೆ ಎಲ್ಲೋ ಒಂದು ಸ್ಪ್ರಿಂಗು ಬಿಚ್ಚಿಕೊಂಡಿತು.

"ಕತ್ತಲೇನಾ?!" ಎಂದೆ. "ಯಾರು ಹೇಳಿದ್ದು ನಿಮಗೆ? ಬನ್ನಿ ಇಲ್ಲಿ, ಈ ಕಿಟಕಿ ನೋಡಿ! ಬೆಳಿಗ್ಗೆ ಬಿಸಿಲು ಮೊದಲು ಎದುರಂಗಡಿಯ ತಗಡಿನ ಮೇಲೆ ಬೀಳುತ್ತೆ. ಅಲ್ಲಿಂದ ಹಾರಿ ನೇರವಾಗಿ ಈ ಯಂತ್ರದ ಮೇಲೆ ಬಂದು ಕೂರುತ್ತೆ. ಮಧ್ಯಾಹ್ನದವರೆಗೂ ಕದಲಲ್ಲ. ಇಲ್ಲಿ ಕೂತವರಿಗೆ ಕನ್ನಡಕ ಇಲ್ಲದೇನೇ ಸೂಜಿಗೆ ದಾರ ಏರುತ್ತೆ ಸ್ವಾಮಿ! ಒಬ್ಬರು ಏರಿಸ್ತಾರೆ, ನಾನು ದಿನಾ ನೋಡ್ತೀನಿ. ಟೀ ಕುಡಿಯೋ ನೆಪದಲ್ಲಿ ಇಗೋ ಈ ಮೂಲೇಲಿ ನಿಂತು ನೋಡ್ತೀನಿ. ಬಿಸಿಲು ಅವರ ಕೂದಲ ಮೇಲೆ ಬಿದ್ದಾಗ ಮನೇಲಿ ದೀಪ ಬೇಕು ಅನ್ಸೋದೇ ಇಲ್ಲ!"

ಯಂತ್ರದ ಸದ್ದು ನಿಂತಿತು. ನಾನು ಗಮನಿಸಲಿಲ್ಲ. ಮಾರುವವನಿಗೆ ಹಿಂದೆ ಮುಂದೆ ಕಾಣುವುದಿಲ್ಲ.

"ಗೋಡೆ ಸ್ವಲ್ಪ ತೇವ ಇದ್ದ ಹಾಗಿದೆ" ಎಂದ ಕನ್ನಡಕದವನು.

"ತೇವ ಅಲ್ಲ ಸಾರ್, ತಂಪು! ಬೇಸಗೇಲಿ ಇಡೀ ಊರು ಬೆಂದು ಹೋಗ್ತಿರುವಾಗ ಈ ಗೋಡೆಗೆ ಬೆನ್ನು ಕೊಟ್ಟು ಕೂತು ನೋಡಿ. ನಾವಿಬ್ಬರೂ ಕೂತ್ಕೋತೀವಿ. ಮಾತೂ ಬೇಡ ಅನ್ಸುತ್ತೆ."

"ನಲ್ಲಿ ಗೊರಗೊರ ಅನ್ನುತ್ತಲ್ಲ?" ಎಂದಳು ಅವನ ಹೆಂಡತಿ ಅಡುಗೆಮನೆಯಿಂದ.

"ಅನ್ನಬೇಕು ತಾಯಿ! ನೀರು ಬರೋಕೆ ಮುಂಚೆ ಹೇಳಿ ಬರುತ್ತೆ. ಮರ್ಯಾದಸ್ಥ ನಲ್ಲಿ! ಬಕೆಟ್ ಇಟ್ಕೊಂಡು ಕಾಯೋ ಹಾಗೇ ಇಲ್ಲ."

"ಈ ಬಾಗಿಲು ಮುಚ್ಚಲ್ಲ."

"ಮನೆ ಬಾಗಿಲು ಮುಚ್ಚಲೇಬಾರದು! ಜಗಳ ಆಡಿ ಧಡ್ ಅಂತ ಹಾಕ್ಕೊಳ್ಳೋಣ ಅಂದ್ರೆ ಆಗಲ್ಲ. ಒಂದು ಗೇಣು ಸಂದಿ ಉಳಿದೇ ಉಳಿಯುತ್ತೆ. ಆ ಸಂದೀಲಿ ಒಂದು ಲೋಟ ಟೀ ತೂರಿ ಬರುತ್ತೆ ನೋಡಿ, ಅಲ್ಲಿಗೆ ಮುಗೀತು ಜಗಳ. ಈ ಬಾಗಿಲು ಸರಿಯಾಗಿ ಮುಚ್ಚೋ ಹಾಗಿದ್ದಿದ್ರೆ ನಾನು ಎಷ್ಟು ದಿನ ಉಪವಾಸ ಬೀಳ್ತಿದ್ನೋ ಏನೋ!"

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕನ್ನಡಕದವನು ಕನ್ನಡಕ ತೆಗೆದು ಒರೆಸಿಕೊಂಡ. "ಸಾರ್, ನಾವು ತಗೊಂಡ್ವಿ. ಅಮ್ಮ ಹೇಳಿದ್ದಕ್ಕಿಂತ ಒಂಚೂರು ಜಾಸ್ತಿ ಆದ್ರೂ ಪರವಾಗಿಲ್ಲ. ಇಂಥ ಮನೆ ಬಿಡೋಕಾಗುತ್ತಾ?"

"ಒಳ್ಳೇ ಸರಕು ಆರಿಸಿದಿರಿ! ನಮ್ಮ ಮರದ ಸಾಮಾನಿನ ಅಂಗಡೀಲೂ ಇಂಥದ್ದು ಸಿಗಲ್ಲ!" ಎಂದು ನಾನು ಅಂಗಡಿಯಲ್ಲಿ ಮಾಡುವ ಹಾಗೆ ಅವನ ಕೈ ಹಿಡಿದು ಕುಲುಕಿದೆ.

ಕುಲುಕುತ್ತಾ ಕುಲುಕುತ್ತಾ ನನಗೆ ಜ್ಞಾನೋದಯವಾಯಿತು. ನಾನು ನನ್ನ ಮನೆಯನ್ನೇ ಮಾರಿಬಿಟ್ಟಿದ್ದೆ! ಅದೂ ಹೆಚ್ಚಿನ ಬೆಲೆಗೆ! ನಿಧಾನವಾಗಿ ಹೆಂಡತಿಯ ಕಡೆ ತಿರುಗಿದೆ. ಅವಳು ಯಂತ್ರದ ಮೇಲೆ ಕೈಯಿಟ್ಟು ಕೂತಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಅವಳು ನನ್ನನ್ನು ನೋಡುತ್ತಿದ್ದ ರೀತಿ ಮಾತ್ರ ಹೊಸದಾಗಿತ್ತು. ಮೂಲೆಯಲ್ಲಿ ಬಹಳ ಕಾಲದಿಂದ ಬಿದ್ದಿದ್ದ ಹಳೆಯ ಸ್ಟೂಲನ್ನು ಒರೆಸಿ ನೋಡಿದಾಗ ಅದು ತೇಗದ ಮರದ್ದು ಎಂದು ತಿಳಿದವರು ಹಾಗೆ ನೋಡುತ್ತಾರೆ.

ಆಗ ಮೆಟ್ಟಿಲ ಕಡೆಯಿಂದ ಸದ್ದು ಬಂತು. ಕೋಲು, ಕಾಲು. ಕೋಲು, ಕಾಲು. ಮಹಡಿ ಅಮ್ಮ ಇಳಿದು ಬರುತ್ತಿದ್ದರು! ಮಧ್ಯದ ತಿರುವಿನಲ್ಲಿ ಕೂತು ಸುಧಾರಿಸಿಕೊಂಡು, ಗೋಡೆ ಹಿಡಿದು, ಕೊನೆಗೂ ನಮ್ಮ ಬಾಗಿಲಲ್ಲಿ ನಿಂತರು. ಏದುಸಿರು ಬಿಡುತ್ತಲೇ ಕನ್ನಡಕದವನಿಗೆ ಹೇಳಿದರು:

"ಈ ಮನೆ ಬಾಡಿಗೆಗಿಲ್ಲ."

ನನ್ನ ಎದೆ ಉಬ್ಬಿತು! ಅಮ್ಮನ ಮನಸ್ಸು ಕರಗಿದೆ! ನನ್ನ ಮಾತುಗಳನ್ನು ಮೆಟ್ಟಿಲ ಮೇಲಿಂದ ಕೇಳಿ, ಇಂಥ ಬಾಡಿಗೆದಾರರನ್ನು ಬಿಡುವುದುಂಟೇ ಎನ್ನಿಸಿದೆ!

"ಅಮ್ಮಾ, ನಿಮ್ಮ ದೊಡ್ಡ ಗುಣ..." ಎಂದು ಶುರುಮಾಡಿದೆ.

"ಇಲ್ಲಿಗೆ ನಾನೇ ಬರ್ತೀನಿ" ಎಂದರು ಮಹಡಿ ಅಮ್ಮ.

ಉಬ್ಬಿದ ಎದೆ ಪುಸ್ ಎಂದಿತು.

ಅವರು ನಿಧಾನವಾಗಿ ನಮ್ಮ ತಂಪು ಗೋಡೆಯ ಬಳಿ ಹೋಗಿ ಅಂಗೈ ಇಟ್ಟು ನೋಡಿದರು. ಕಿಟಕಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ಏನಪ್ಪಾ, ವರ್ಷ ವರ್ಷ ಮೇಲೆ ಬಂದು ಕುಕ್ಕರಿಸಿ ಕೂತು ನೀನೇ ಹೇಳ್ತಿದ್ದಲ್ಲ, ಕೆಳಗೆ ಕತ್ತಲೆ, ಕೆಳಗೆ ತೇವ ಅಂತ! ಡಾಕ್ಟರು ಬಾಯಿ ಬಡ್ಕೊಂಡ್ರು, 'ಅಮ್ಮಾ ಕೆಳಗೆ ಹೋಗಿ ಇರಿ, ಮೆಟ್ಟಿಲು ಬೇಡ' ಅಂತ. ನಾನು, 'ಅಯ್ಯೋ, ಆ ಗವೀಲಿ ಮಂಡಿ ಹಿಡ್ಕೊಂಡುಬಿಡುತ್ತೆ ಡಾಕ್ಟ್ರೇ' ಅಂದೆ. ನಿನ್ನ ನಿಟ್ಟುಸಿರು ನಂಬಿ ಮೇಲೇ ಕೂತು ಕಾಲು ಸವೆಸಿದೆ! ಈಗ ನೋಡಿದ್ರೆ ಇದು ಅರಮನೆ ಅಂತೀಯಲ್ಲೋ!"

ನಾನು ನೆಲ ನೋಡಿದೆ. ಆ ಮನೆಯ ನೆಲವೂ ಚೆನ್ನಾಗಿತ್ತು. ಅದನ್ನು ಹೊಗಳುವುದು ಬಾಕಿ ಉಳಿದಿತ್ತು.

ಕನ್ನಡಕದವನು ಬೇಸರದಿಂದ ಹೊರಟ. ಹೋಗುವ ಮುಂಚೆ, "ಸಾರ್, ನಿಮ್ಮ ಅಂಗಡಿ ಎಲ್ಲಿ? ಒಂದು ಮಂಚ ಬೇಕಾಗಿತ್ತು" ಎಂದು ವಿಳಾಸ ಕೇಳಿಕೊಂಡ. ವ್ಯಾಪಾರಿಯ ಬದುಕಿನಲ್ಲಿ ಗೆಲುವು ಎಂಥ ಹೊತ್ತಿನಲ್ಲಿ ಬರುತ್ತದೆ ನೋಡಿ!

ಕೊನೆಗೆ ನನ್ನ ಹೆಂಡತಿ ಮಹಡಿ ಅಮ್ಮನಿಗೆ ಕುರ್ಚಿ ಸರಿಸಿಕೊಟ್ಟು, ತಾನು ನೆಲದ ಮೇಲೆ ಕೂತು, ಬಹಳ ಸಾಧಾರಣವಾದ ಒಂದು ಪ್ರಶ್ನೆ ಕೇಳಿದಳು.

"ಅಮ್ಮಾ, ನೀವು ಕೆಳಗೆ ಬಂದ್ರೆ ಮೇಲೆ ಯಾರು?"

"ಮೇಲೆ? ಮೇಲೆ ಯಾರಿದ್ದಾರೆ ತಾಯಿ, ಖಾಲಿ" ಎಂದವರು ಅಲ್ಲಿಗೇ ನಿಂತರು. ನಾನೂ ನಿಂತಲ್ಲೇ ನಿಂತೆ. ಬೆಣ್ಣೆ ಕೈಲಿ ಹಿಡಿದುಕೊಂಡು ತುಪ್ಪಕ್ಕಾಗಿ ಊರೆಲ್ಲ ತಿರುಗಿದವರ ಮುಖ ನೀವು ನೋಡಿಲ್ಲವಾದರೆ ಆ ಹೊತ್ತಿನಲ್ಲಿ ನನ್ನನ್ನು ನೋಡಬೇಕಿತ್ತು. ಐದ್ನಿಮಿಷನ ಜೊತೆ ನಾವು ಊರ ಆ ತುದಿಯಿಂದ ಈ ತುದಿಗೆ ಅಲೆದಿದ್ದೆವು. ಮನೆ ಇದ್ದದ್ದು ನಮ್ಮ ತಲೆಯ ಮೇಲೆ. ಐದು ನಿಮಿಷವೂ ಬೇಡ!

ಹೆಂಡತಿ ಎದ್ದು ಮೇಲೆ ಹೋದಳು. ನಾನು ಹಿಂಬಾಲಿಸಿದೆ. ಮೇಲೆ ನಮ್ಮ ಮನೆಗಿಂತ ಒಂದು ಕೋಣೆ ಕಡಿಮೆ. ಆದರೆ ಕಿಟಕಿಗೆ ಅಡ್ಡವಾಗಿ ಎದುರಂಗಡಿಯ ತಗಡೂ ಇಲ್ಲ, ಯಾವುದೂ ಇಲ್ಲ. ಬರೀ ಆಕಾಶ. ಅವಳು ಸೂಜಿ ತೆಗೆದಳು. ಕಪ್ಪು ದಾರ ತೆಗೆದಳು. ನಾನು ಉಸಿರು ಬಿಗಿ ಹಿಡಿದೆ. ಈ ಸಲ ಅದು ನಾಟಕವಲ್ಲ.

ದಾರದ ತುದಿಯನ್ನು ತುಟಿಗೆ ಒತ್ತಬೇಕಾಗಿಯೂ ಬರಲಿಲ್ಲ. ಸುಮ್ಮನೆ ಹೋಯಿತು. ಅವಳು ಆ ಸೂಜಿಯನ್ನು ಬೆಳಕಿಗೆ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತಿದ್ದಳು.

"ಆದ್ರೆ ಗಿರಾಕಿಗಳು ಮೆಟ್ಟಿಲು ಹತ್ತಬೇಕಲ್ಲ?" ಎಂದೆ ಮೆಲ್ಲಗೆ.

"ಹತ್ತಲಿ. ಸೊಂಟ ಕರಗಿದಷ್ಟೂ ಪ್ಯಾಂಟು ಬಿಗಿ ಮಾಡೋ ಕೆಲಸ ಜಾಸ್ತಿ" ಎಂದಳು.

ಆಮೇಲೆ ಮೆಟ್ಟಿಲ ತುದಿಗೆ ಬಂದು, ಕೆಳಗಿದ್ದ ಮಹಡಿ ಅಮ್ಮನಿಗೆ ಕೇಳಿಸುವ ಹಾಗೆ ಬಾಗಿಲ ಚೌಕಟ್ಟನ್ನು ಟಕ್ ಟಕ್ ಎಂದು ಬಡಿದಳು. ಮತ್ತು ಒಂದು ನಿಟ್ಟುಸಿರು ಬಿಟ್ಟಳು. ಏನು ನಿಟ್ಟುಸಿರು ಅದು! ಆಳವಾಗಿ ಹುಟ್ಟಿ, ತಿರುವಿನಲ್ಲಿ ಒಂದು ಕ್ಷಣ ತಡೆದು, ಒಂದೊಂದೇ ಮೆಟ್ಟಿಲು ಇಳಿದು ಹೋಯಿತು. ಇಷ್ಟು ವರ್ಷದ ನನ್ನ ವೃತ್ತಿಯಲ್ಲಿ ಅಂಥದ್ದನ್ನು ನಾನು ಬಿಟ್ಟಿಲ್ಲ.

"ಒಂದು ಕೋಣೆ ಕಮ್ಮಿ ಇದೆ ಅಲ್ವಾ ಅಮ್ಮಾ..." ಎಂದಳು.

"ಹಳೇ ಬಾಡಿಗೆಗೇ ಇರಮ್ಮ!" ಎಂದು ಕೆಳಗಿನಿಂದ ಉತ್ತರ ಬಂತು. "ನಾನು ಕೆಳಗೆ ಬಂದ ಮೇಲೆ ಮೆಟ್ಟಿಲು ಹತ್ತಿಸೋಕೆ ಯಾರೂ ಬೇಕಾಗಿಲ್ಲ. ನಿಮ್ಮನ್ನ ಬಿಟ್ರೆ ನನಗೆ ಸೋಪು ಯಾರು ತರ್ತಾರೆ?"

"ಎಲ್ಲಿ ಕಲ್ತೆ ಈ ವಿದ್ಯೆ?" ಎಂದು ನಾನು ಬೆರಗಾಗಿ ಪಿಸುಗುಟ್ಟಿದೆ.

"ದಿನಾ ತಟ್ಟೆ ಮುಂದೆ ಕೂತು ನನ್ನ ಅಡುಗೆಗೆ ಬಿಡ್ತೀರಲ್ಲ, ಅದೇ" ಎಂದಳು.

ಸಾಮಾನು ಸಾಗಿಸಲು ಲಾರಿ ಬೇಕಾಗಲಿಲ್ಲ. ಮಹಡಿ ಅಮ್ಮನ ಮಂಚ ಇಳಿಯಿತು, ನಮ್ಮದು ಏರಿತು. ಯಂತ್ರವನ್ನು ನಾನೇ ಹೊತ್ತು ಕಿಟಕಿಯ ಮುಂದೆ ಇಟ್ಟೆ. ಉಳಿದದ್ದು ಆನೆ. ನಾಲ್ಕು ಜನ ಹಿಡಿದರು. ನಾನು ಹಿಂದೆ ನಿಂತು "ಹುಷಾರು! ವಂಶದ ಹಿರಿಯ!" ಎಂದು ಕೂಗುತ್ತಿದ್ದೆ. ಆನೆ ಮೆಟ್ಟಿಲ ತಿರುವಿಗೆ ಬಂದು ಗಟ್ಟಿಯಾಗಿ ನಿಂತಿತು. ಆನೆ ಹೋಗಿ ಬಾಲ ಸಿಕ್ಕಿಕೊಂಡಿತು ಎನ್ನುತ್ತಾರೆ. ಇಲ್ಲಿ ಆನೆಯೇ ಸಿಕ್ಕಿಕೊಂಡಿತ್ತು, ತಿರುವು ದಾಟಿದ್ದು ನೆತ್ತಿಯ ಕಿರೀಟ ಒಂದೇ. ಓರೆ ಮಾಡಿದರು, ಮಲಗಿಸಿದರು, ಕೂರಿಸಿದರು. ಕೊನೆಗೆ ಬಂದ ದಾರಿಯಲ್ಲೇ ವಾಪಸು ಇಳಿಸಿದರು.

"ಇಲ್ಲೇ ಇರ್ಲಿ ಬಿಡಿ ಅಮ್ಮಾ, ನಿಮಗೂ ಉಪಯೋಗಕ್ಕೆ ಬರುತ್ತೆ" ಎಂದೆ ಉದಾರವಾಗಿ.

ಕೆಳಗಿನ ಮನೆಯಲ್ಲಿ ಆಗಲೇ ರಾಣಿಯ ಹಾಗೆ ಕೂತಿದ್ದ ಮಹಡಿ ಅಮ್ಮ ಕೋಲಿನ ತುದಿಯಿಂದ ಆನೆಯನ್ನು ಟಕ್ ಟಕ್ ಎಂದು ಬಡಿದರು. ಕಿವಿಗೊಟ್ಟರು. ನನ್ನನ್ನೇ ನೋಡುತ್ತಾ ನಿಟ್ಟುಸಿರು ಬಿಟ್ಟರು.

"ಒಂದು ಗೋಡೆ ಪೂರ್ತಿ ತಿಂದುಬಿಡ್ತಲ್ಲಪ್ಪ ಇದು. ಆ ಜಾಗಕ್ಕೆ ತಿಂಗಳಿಗೆ ಏನಾದ್ರೂ ಕೊಟ್ಬಿಡು."

ಹೀಗಾಗಿ ನಾನೀಗ ಎರಡು ಮನೆಯ ಬಾಡಿಗೆದಾರ. ಮೇಲಿನದು ನಮ್ಮಿಬ್ಬರಿಗೆ, ಕೆಳಗಿನದು ಬೀರುವಿಗೆ! ಹಗ್ಗದ ಬುಟ್ಟಿಯೂ ಮನೆಯ ಜೊತೆಗೇ ನಮಗೆ ಬಂದಿದೆ. ಅದನ್ನು ನನ್ನ ಹೆಂಡತಿ ಇಳಿಬಿಡುತ್ತಾಳೆ. ಆನೆಯ ಹೊಟ್ಟೆಯಿಂದ ಮಹಡಿ ಅಮ್ಮ ನನ್ನ ಅಂಗಿ ತೆಗೆದು ಬುಟ್ಟಿಗೆ ಹಾಕುತ್ತಾರೆ. ಹಾಗೆ ಅಂಗಿ ಹಾಕಿಕೊಂಡು ನಾನು ಕೆಲಸಕ್ಕೆ ಹೋಗುತ್ತೇನೆ. ಮಹಡಿ ಅಮ್ಮ ನೆಲಮಹಡಿಗೆ ಬಂದರೂ ನಾವು ಅವರ ಹೆಸರು ಬದಲಿಸಿಲ್ಲ.

ಮೊನ್ನೆ ಬೆಳಿಗ್ಗೆ ಟೀ ಹಿಡಿದು ಹೊಸ ಮನೆಯ ಮೂಲೆಯಲ್ಲಿ ನಿಂತಿದ್ದೆ. ಅವಳು ಯಾರದೋ ಕಪ್ಪು ಕೋಟಿಗೆ ತೋಳು ಕೂರಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು:

"ಅವತ್ತು ಕಿಟಕಿ ಹೊಗಳಿದ್ರಿ, ಗೋಡೆ ಹೊಗಳಿದ್ರಿ, ನಲ್ಲಿ ಹೊಗಳಿದ್ರಿ. ಯಾರಾದ್ರೂ ಬಂದು 'ನಿಮ್ಮ ಹೆಂಡತಿ ಹೇಗೆ?' ಅಂತ ಕೇಳಿದ್ರೆ ಏನು ಹೇಳ್ತೀರಿ?"

ಇಂಥ ಅವಕಾಶ ಮತ್ತೆ ಸಿಕ್ಕೀತೇ! ನಾನು ಗಂಟಲು ಸರಿಮಾಡಿಕೊಂಡೆ. ನಾಲಿಗೆಗೆ ರೆಕ್ಕೆ ಬರಲಿ ಎಂದು ಕಾದೆ. ಬಿಸಿಲು ಅವಳ ಕೂದಲ ಮೇಲಿತ್ತು. ಒಂದೂ ಮಾತು ಬರಲಿಲ್ಲ. ಬಂದದ್ದು ಒಂದು ನಿಟ್ಟುಸಿರು!

"ಅಯ್ಯೋ, ಇದು ಆ ನಿಟ್ಟುಸಿರಲ್ಲ ಕಣೇ! ಇದು ಬೇರೆ! ಇದು ಬೆಲೆ ಇಳಿಸೋದಲ್ಲ..." ಎಂದು ತಡಬಡಿಸಿದೆ.

ಅವಳು ಸೂಜಿಯನ್ನು ಕೋಟಿಗೆ ಚುಚ್ಚಿಟ್ಟು ಎದ್ದು ಬಂದಳು. ನನ್ನ ಹಣೆಯನ್ನು ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು, ಕಿವಿಗೊಟ್ಟು ಆಲಿಸಿದಳು.

"ಒಳಗೆ ಪೂರ್ತಿ ಟೊಳ್ಳು" ಎಂದಳು. ನನ್ನ ಕೈಯಿಂದ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದಳು. "ಏನ್ ಮಾಡೋದು, ನಿಮ್ಮ ಅಂಗಡೀಲೇ ಬೋರ್ಡ್ ಹಾಕಿದೀರಲ್ಲ, ಮಾರಿದ ಸರಕನ್ನ ವಾಪಸ್ ತಗೊಳ್ಳಲ್ಲ ಅಂತ!"